ಕಿವಿ ಗುಂಯ್ ಅಂದರೆ ಮದ್ದು ಹಿಡಿಯಿತು

ಮದ್ದಿನ ಅಂಗಡಿಯಲ್ಲಿ ಕೂತವ ನಗುವ ಸಂಗತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಖಾಲಿ ಬಾಟ್ಲಿ ಹಿಡಿದುಕೊಂಡು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಇವತ್ತು ಬಂದದ್ದು ಮುಗಿಯಿತು ಅನ್ನುವಾಗ ನಾಳೆ ಇನ್ನೊಂದು ಬರುತ್ತದೆ.

ನಾನು ಪುತ್ತೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಬಾಟ್ಲಿ ತೊಳೆಯುವ ಕೆಲಸಕ್ಕೆ ಸೇರಿದವ. ಓದಿದ್ದು ಮೂರನೇ ಕ್ಲಾಸು. ಆಮೇಲೆ ಮದ್ದು ತುಂಬಿಸುವ ಕೆಲಸ ಕೊಟ್ಟರು. ಬಾಟ್ಲಿಯ ಹೊರಗೆ ಅಂಟಿಸುವ ಕಾಗದದ ಪಟ್ಟಿ ಕತ್ತರಿಸುವುದೂ ನನ್ನದೇ. ಗರಗಸದ ಹಾಗೆ ಅದಕ್ಕೆ ಹಲ್ಲು ಇರುತ್ತದೆ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಓದಲು ಬಾರದವರಿಗೂ ಅಳತೆ ತಿಳಿಯುತ್ತದೆ.

ನನ್ನ ಹೆಂಡತಿ ಹೋಗಿ ಇದು ಎರಡನೇ ಮಳೆಗಾಲ. ಮಾತಾಡಲಿಕ್ಕೆ ಮನೆಯಲ್ಲಿ ಜನ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಗುವ ಸಂಗತಿಗಳೇ. ಅವಳೂ ಇದರಲ್ಲಿ ಇದ್ದಾಳೆ. ಅವಳಿಗೆ ರಕ್ತ ಕಮ್ಮಿ ಇತ್ತು. ಅವಳ ಮೈಗೆ ಶಕ್ತಿ ಬರಬೇಕು ಅಂತಲೇ ನಾನು ಆ ಟಾನಿಕ್ಕನ್ನು ಅಷ್ಟು ನಂಬಿದ್ದು.

೧. ಪೆರಾಬೆಯವರ ಬಾಟ್ಲಿ

ಮೊದಲು ಚಳಿಜ್ವರದ ಸಂಗತಿ ಹೇಳಬೇಕು. ಆಗ ಸುಳ್ಯ, ಕಡಬ, ಸುಬ್ರಹ್ಮಣ್ಯ ಕಡೆಯಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಅದಕ್ಕೆ ಕ್ವಿನೈನ್ ಕೊಡುವುದು. ಕ್ವಿನೈನ್ ತಿಂದರೆ ಎರಡು ದಿನದಲ್ಲಿ ಕಿವಿ ಗುಂಯ್ ಅನ್ನುತ್ತದೆ. ಅದು ಮದ್ದಿನ ಉಪದ್ರ. ಆದರೆ ಕಿವಿ ಗುಂಯ್ ಅನ್ನುವ ಹೊತ್ತಿಗೆ ಜ್ವರವೂ ಇಳಿಯುತ್ತಿತ್ತು. ಹಾಗಾಗಿ ಜನ ತೀರ್ಮಾನ ಮಾಡಿದರು. ಕಿವಿ ಗುಂಯ್ ಅಂದರೆ ಮದ್ದು ಹಿಡಿಯಿತು.

ಆಮೇಲೆ ಡಿ.ಡಿ.ಟಿ. ಹೊಡೆಯುವವರು ಬಂದರು. ಸೊಳ್ಳೆ ಕಮ್ಮಿ ಆಯಿತು, ಜ್ವರ ಕಮ್ಮಿ ಆಯಿತು. ಜನರ ತೀರ್ಮಾನ ಮಾತ್ರ ಹಾಗೇ ಉಳಿಯಿತು. ನಮ್ಮ ಡಾಕ್ಟರು ಶಕ್ತಿಗೆ ಅಂತ ಒಂದು ಟಾನಿಕ್ ಮಾಡುತ್ತಿದ್ದರು. ಕಬ್ಬಿಣದ ಸತ್ವ, ಸ್ವಲ್ಪ ಕ್ವಿನೈನ್, ಸಕ್ಕರೆ ಪಾಕ. ಪಾಕ ಎಷ್ಟು ಹಾಕಿದರೂ ವಿಪರೀತ ಕಹಿ. ಅಳತೆಯಲ್ಲಿ ಕುಡಿದರೆ ಹೆಚ್ಚಿನವರ ಕಿವಿಗೆ ಏನೂ ಆಗುವುದಿಲ್ಲ. ಜಾಸ್ತಿ ಕುಡಿದರೆ ಗುಂಯ್. ಡಾಕ್ಟರು ಎಲ್ಲರಿಗೂ ಎರಡೇ ಮಾತು ಹೇಳುತ್ತಿದ್ದರು. "ಪಟ್ಟಿ ನೋಡಿ ಕುಡೀರಿ. ಕುಡಿದ ಮೇಲೆ ಬಾಯಿ ಮುಕ್ಕಳಿಸಬೇಕು, ಮಾರಾಯ್ರೆ. ಹಲ್ಲು ಕಪ್ಪಾಗ್ತದೆ." ಕಬ್ಬಿಣ ಅಲ್ವಾ.

ಪೆರಾಬೆಯಿಂದ ಒಬ್ಬರು ಬಂದರು. ಹದಿನೈದು ದಿನದ ಹಿಂದೆ ಅವರನ್ನು ಇಬ್ಬರು ಹಿಡಿದುಕೊಂಡು ಬಂದಿದ್ದರು. ಈ ಸಲ ಒಬ್ಬರೇ ಬಂದರು. ಬಾಟ್ಲಿಯನ್ನು ಮೇಜಿನ ಮೇಲೆ ಕುಟ್ಟಿದರು.

"ಇದು ಎಂತ ಮದ್ದು ಡಾಕ್ಟ್ರೇ? ನೀರು ಸೇರಿಸಿದ್ದಾ?"

"ಯಾಕೆ? ಹಸಿವಾಗುದಿಲ್ವಾ?"

"ಹಸಿವಾ! ಮೂರು ಹೊತ್ತು ಉಣ್ತೇನೆ. ಸಾಲುದಿಲ್ಲ ಅಂತ ದಾರಿಗೆ ಅವಲಕ್ಕಿ ಕಟ್ಟಿ ಕೊಟ್ಟಿದ್ದಾರೆ."

"ನಿದ್ದೆ?"

"ಎಬ್ಬಿಸದಿದ್ದರೆ ಏಳುದಿಲ್ಲ."

"ನಡೀಲಿಕ್ಕೆ ಆಗ್ತದಾ?"

"ಇವತ್ತು ಬಸ್ಸು ತಪ್ಪಿತು. ಉಪ್ಪಿನಂಗಡಿ ತನಕ ನಡೆದೇ ಬಂದೆ."

"ಮತ್ತೆ ಎಂತ ತೊಂದರೆ ಮಾರಾಯ್ರೆ?"

"ಹದಿನೈದು ದಿನ ಕುಡಿದೆ. ಕಿವಿಯಲ್ಲಿ ಒಂದು ನೊಣದಷ್ಟೂ ಶಬ್ದ ಇಲ್ಲ. ಗುಣ ಎಲ್ಲ ಆಗಿದೆ. ಇಲ್ಲ ಅಂತ ನಾನು ಹೇಳುದಿಲ್ಲ. ಆದರೆ ಮದ್ದು ಹಿಡಿಯಲಿಲ್ಲ."

೨. ಮನೆಯ ಬಾಟ್ಲಿ

ಡಾಕ್ಟರು ತುಂಬ ನಕ್ಕರು. ನಾನು ನಗಲಿಲ್ಲ. ನಾನೂ ಪೆರಾಬೆಯವರ ಪಕ್ಷವೇ.

ಅದೇ ವಾರ ನನ್ನ ಹೆಂಡತಿಗೂ ಒಂದು ಬಾಟ್ಲಿ ತಂದೆ. ಡಾಕ್ಟರೇ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ಕೊಡು ಅಂದಿದ್ದರು. ಎರಡು ಹೆತ್ತಿದ್ದಳು. ಎರಡೂ ಉಳಿಯಲಿಲ್ಲ. ಆಮೇಲೆ ಅವಳ ಮುಖ ಬಿಳಿಚಿದ್ದು ಬಿಳಿಚಿದ್ದೇ. ಬಾವಿಯಿಂದ ಒಂದು ಕೊಡ ನೀರು ತಂದರೆ ಜಗಲಿಯಲ್ಲಿ ಕೂತು ಸುಧಾರಿಸಿಕೊಳ್ಳಬೇಕು.

ದಿನಾ ಕೇಳುತ್ತಿದ್ದೆ.

"ಕುಡಿದಿಯಾ?"

"ಕುಡಿದೆ."

"ಕಿವಿ ಗುಂಯ್ ಅಂತದಾ?"

"ಇಲ್ಲ."

ಬಾಟ್ಲಿಯ ಪಟ್ಟಿ ನೋಡಿದೆ. ಹಲ್ಲಿಗೆ ಹಲ್ಲು ಸರಿಯಾಗಿ ಇಳಿಯುತ್ತಿತ್ತು. ಒಂದು ತಿಂಗಳಾಯಿತು. ಎರಡನೇ ಬಾಟ್ಲಿ ತಂದೆ. "ಹಿಡಿಯಲಿಲ್ಲ ಮಾರಾಯ್ತಿ. ಒಂದು ಚಮಚ ಜಾಸ್ತಿ ಹಾಕು," ಅಂದೆ. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಾರೆ.

ಆ ವಾರ ಗುಂಯ್ ಶುರುವಾಯಿತು. ಅವಳಿಗಲ್ಲ, ನನಗೆ. ನಾನು ಟಾನಿಕ್ ಮುಟ್ಟಿದವನಲ್ಲ. ಆದರೆ ದಿನವಿಡೀ ಅದನ್ನೇ ತುಂಬಿಸುವುದು. ಅದರ ವಾಸನೆಯೇ ಹಿಡಿಯಿತು ಅಂತ ತಿಳಿದೆ. ಅವಳಿಗೆ ಹೇಳಿದೆ.

ಅವಳ ಮುಖ ಅರಳಿತು. "ಹೌದಾ? ಹೇಗೆ ಅಂತದೆ?"

"ಜೀರುಂಡೆ ಹಾಗೆ. ಬಲಗಿವಿಯಲ್ಲಿ ಜೋರು."

ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ನನಗೂ ಇವತ್ತಿಂದ ಹಾಗೇ," ಅಂದಳು. "ಜೀರುಂಡೆ. ಬಲಗಿವಿಯಲ್ಲಿ ಜೋರು."

ನನಗಾದ ಸಂತೋಷ ಹೇಳಲಿಕ್ಕೆ ಬರುವುದಿಲ್ಲ. ನಮ್ಮ ಜಾತಕ ನೋಡಿದ ಭಟ್ಟರನ್ನು ನೆನೆದು ಅಲ್ಲೇ ಕೈಮುಗಿದೆ. ಎಲ್ಲ ಕೂಡಿ ಬಂದಿದೆ ಅಂತ ಅವರು ಹೇಳಿದ್ದರು. ಕಿವಿಯೂ ಕೂಡಿ ಬಂದದ್ದು ಅವರಿಗೂ ಗೊತ್ತಿರಲಿಕ್ಕಿಲ್ಲ.

೩. ಸುಬ್ರಹ್ಮಣ್ಯದ ಬಸ್ಸು

ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನ ಡ್ರೈವರು ಒಬ್ಬ ಇದ್ದ. ಆಗಿನ ಬಸ್ಸಿನ ಸ್ಟೇರಿಂಗು ತಿರುಗಿಸುವುದು ಗಾಣ ಎಳೆದ ಹಾಗೆ. ತೋಳಿಗೆ ಶಕ್ತಿ ಬೇಕು ಅಂತ ಟಾನಿಕ್ ಕುಡಿದ. ಹಿಡಿಯಲಿ ಅಂತ ಎರಡು ಹೊತ್ತಿನದ್ದನ್ನು ಒಂದೇ ಹೊತ್ತಿಗೆ ಕುಡಿದ. ಹಿಡಿಯಿತು. ಆದರೆ ಅವನ ಕಿವಿಯಲ್ಲಿ ಗುಂಯ್ ಅಲ್ಲ. ಟಿಣ್.

ಬಸ್ಸಿನಲ್ಲಿ ಒಂದು ಹಗ್ಗ ಇರುತ್ತದೆ. ಕಂಡಕ್ಟರು ಎಳೆದರೆ ಡ್ರೈವರಿನ ತಲೆಯ ಹತ್ತಿರ ಗಂಟೆ ಹೊಡೆಯುತ್ತದೆ. ಒಂದು ಸಲ ಟಿಣ್ ಅಂದರೆ ನಿಲ್ಲಿಸಬೇಕು. ಎರಡು ಸಲ ಅಂದರೆ ಹೋಗಬೇಕು.

ಕಡಬ ದಾಟಿ ಕಾಡಿನ ಮಧ್ಯ ಬಸ್ಸು ನಿಂತಿತು. ಕಂಡಕ್ಟರು ಹಿಂದಿನಿಂದ ಕೂಗಿದ.

"ಇಲ್ಲಿ ಯಾಕೆ ನಿಲ್ಲಿಸಿದ್ದು?"

"ಗಂಟೆ ಹೊಡೆದೆಯಲ್ಲ."

"ನನ್ನ ಎರಡು ಕೈಯಲ್ಲಿಯೂ ಟಿಕೆಟ್ ಉಂಟು ಮಾರಾಯ. ಕಾಲಲ್ಲಿ ಹೊಡೆಯುದಾ?"

"ಮತ್ತೆ ಹೊಡೆದದ್ದು ಯಾರು?"

ಬಸ್ಸಿನ ತುಂಬ ಘಟ್ಟದ ಮೇಲಿನ ಯಾತ್ರಿಕರು. ಇವರಿಬ್ಬರ ಜಗಳ ಅವರಿಗೆ ಅರ್ಧ ಕೇಳಿತು. ಯಾರೂ ಹೊಡೆಯದೆ ಗಂಟೆ ಹೊಡೆದಿದೆ. ಒಬ್ಬರು ಅಜ್ಜಿ ಮೆಲ್ಲ ಇಳಿದರು. ಮಾರ್ಗದ ಬದಿಯಲ್ಲಿ ಒಂದು ಕಲ್ಲು ಇತ್ತು. ಗಂಟಿನಿಂದ ತೆಂಗಿನಕಾಯಿ ತೆಗೆದು ಅದರ ಎದುರು ಒಡೆದರು. ಕುಂಕುಮ ಇಟ್ಟರು. ಅವರ ಹಿಂದೆ ಬಸ್ಸೇ ಇಳಿಯಿತು. ಅರ್ಧ ಗಂಟೆ ಹೋಯಿತು.

ಡ್ರೈವರು ಹೆದರಿ ನಮ್ಮಲ್ಲಿಗೆ ಬಂದ. ಡಾಕ್ಟರು ಬೈದು ಟಾನಿಕ್ ಬಿಡಿಸಿದರು. ಒಂದು ವಾರದಲ್ಲಿ ಕಿವಿ ಸರಿಯಾಯಿತು. ಎರಡು ತಿಂಗಳ ನಂತರ ಪುನಃ ಬಂದ.

"ಈಗ ಟಿಣ್ ಇಲ್ಲ ಡಾಕ್ಟ್ರೇ. ಆದರೆ ಆ ಕಲ್ಲಿನ ಹತ್ತಿರ ನಿಲ್ಲಿಸದಿದ್ದರೆ ಜನ ಬಿಡುದಿಲ್ಲ. ಅಲ್ಲಿ ಈಗ ಹೂವು ಉಂಟು, ಊದುಬತ್ತಿ ಉಂಟು, ಒಂದು ಚಾದ ಅಂಗಡಿ ಉಂಟು."

"ನೀನು ಹೇಳಬೇಕಿತ್ತು ಮಾರಾಯ. ಅದು ಟಾನಿಕ್ ಅಂತ."

ಡ್ರೈವರು ಸ್ವರ ಸಣ್ಣ ಮಾಡಿದ. "ಹೇಳಬಹುದಿತ್ತು. ನಾನೂ ಈಗ ಕೈಮುಗಿದೇ ಹೋಗುದು. ಹೊಡೆದದ್ದು ಟಾನಿಕ್ಕೇ ಅಂತ ನಿಮಗೆ ಖಾತ್ರಿ ಉಂಟಾ?"

೪. ಕಿವಿಗೆ ಕಿವಿ

ಟಾನಿಕ್ ಅಂದರೆ ಬಡವರಿಗೆ ಸಿಗುವಂಥದ್ದಲ್ಲ. ಹಾಗಾಗಿ ಗುಂಯ್ ಅನ್ನುವುದು ಸ್ವಲ್ಪ ಮರ್ಯಾದೆಯ ಸಂಗತಿಯೂ ಆಯಿತು. ಸಂತೆಯ ದಿನ ನಮ್ಮ ಅಂಗಡಿಯ ಜಗಲಿಯಲ್ಲಿ ಕೂತು ದೊಡ್ಡವರು ಅದನ್ನೇ ಮಾತಾಡುತ್ತಿದ್ದರು.

ನಮ್ಮ ಪಕ್ಕದ ಮನೆ ಬ್ಯಾರಿಗಳದ್ದು. ಒಣಮೀನಿನ ವ್ಯಾಪಾರ. ಊರಿಗೆಲ್ಲ ಅವರು ಸಾಹುಕಾರರು. ಅವರ ಹೆಂಡತಿಯನ್ನು ನಾವು ಉಮ್ಮ ಅಂತ ಕರೆಯುವುದು, ಅಂದರೆ ಅಮ್ಮ. ನನ್ನ ಹೆಂಡತಿಗೆ ತಾಯಿ ಇರಲಿಲ್ಲ. ಏನಿದ್ದರೂ ಬೇಲಿಯ ಹತ್ತಿರ ನಿಂತು ಉಮ್ಮನಿಗೇ ಹೇಳುವುದು.

ಆ ದಿನ ಸಾಹುಕಾರರೂ ಕಡಬದ ಕಡೆಯ ಒಬ್ಬರು ಪಟೇಲರೂ ಕೂತಿದ್ದರು.

"ನನ್ನದು ಅಕ್ಕಿ ಮಿಲ್ಲಿನ ಹಾಗೆ," ಅಂದರು ಪಟೇಲರು.

"ಮಿಲ್ಲು ಎಂತದ್ದು? ನನ್ನದು ಮಂಗಳೂರು ಬಂದರಿನ ಹಡಗು. ಎರಡು ಕಿವಿಯಲ್ಲಿಯೂ."

"ಬಾಯಲ್ಲಿ ಹೇಳಿದರೆ ಆಯ್ತಾ ಸಾಹುಕಾರ್ರೆ? ಯಾರು ಕೇಳಿದ್ದಾರೆ?"

"ನೀವೇ ಕೇಳಿ. ಬನ್ನಿ."

ಸಾಹುಕಾರರು ಟೊಪ್ಪಿ ತೆಗೆದರು. ಪಟೇಲರು ಮುಂಡಾಸು ತೆಗೆದರು. ಇಬ್ಬರೂ ಕಿವಿಗೆ ಕಿವಿ ಒತ್ತಿ ಕೂತರು. ಕಣ್ಣು ಮುಚ್ಚಿದರು. ಸಂತೆಗೆ ಬಂದವರು ನಿಂತು ನೋಡಿದರು.

"ಕೇಳ್ತದಾ ಪಟೇಲ್ರೆ?"

"ಕೇಳ್ತದೆ. ಒಳ್ಳೆ ಜೋರುಂಟು. ಆದರೆ ಇದು ನಿಮ್ಮದೋ ನನ್ನದೋ, ಅದು ಮಾತ್ರ ಗೊತ್ತಾಗುದಿಲ್ಲ."

ನಾನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೇಳಿ, "ಬಾ, ನಿನ್ನದು ನೋಡುವ," ಅಂದೆ. ಜಗಲಿಯಲ್ಲಿ ಅವಳ ಬಲಗಿವಿಗೆ ನನ್ನ ಬಲಗಿವಿ ಇಟ್ಟೆ. ಅವಳು ಉಸಿರು ಬಿಗಿ ಹಿಡಿದಳು.

"ಕೇಳ್ತದಾ?" ಅಂತ ಕೇಳಿದಳು.

"ಕೇಳ್ತದೆ. ಜೋರುಂಟು. ಚೆನ್ನಾಗಿ ಹಿಡಿದಿದೆ."

ಅವಳು ಕಿವಿಯನ್ನು ತೆಗೆಯಲಿಲ್ಲ. ಅಷ್ಟರಲ್ಲಿ ಬೇಲಿಯ ಆಚೆಯಿಂದ ಉಮ್ಮ ನೋಡಿದರು. ತಲೆಯ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಓಡಿ ಒಳಗೆ ಹೋದರು. ಮರುದಿನ ನನ್ನ ಹೆಂಡತಿಯನ್ನು ಕರೆದು ಕೇಳಿದರಂತೆ. "ಅಲ್ಲ ಮಾರಾಯ್ತಿ, ನಿಮಗೆ ಮನೆಯ ಒಳಗೆ ಜಾಗ ಇಲ್ವಾ?"

೫. ದನದ ಕಿವಿ

ಆಗ ನಮ್ಮ ಮನೆಯ ಕಾಫಿ ಶಾಯಿಯ ಹಾಗೆ ಇರುತ್ತಿತ್ತು. ಅಷ್ಟು ಕಪ್ಪು. ಕಹಿಯೂ ಹೌದು. ನಾನು ದಿನಾ ಗೊಣಗುತ್ತಿದ್ದೆ. ಹೆಂಡತಿ ಹೇಳುತ್ತಿದ್ದಳು, "ಹಾಲು ನೀರು. ನಾನು ಎಂತ ಮಾಡುದು? ಬೆಲ್ಲ ಸರಿಯೇ ಉಂಟು. ನಿಮ್ಮ ಬಾಯಿಯೇ ಕಹಿ." ನಾನು ಹಾಲು ಕೊಡುವವನಿಗೆ ಬೈಯುತ್ತಿದ್ದೆ.

ಅವನ ಅಣ್ಣ ಕೊಯಿಲದ ಹತ್ತಿರ ಇದ್ದ. ಅವನೂ ದನ ಸಾಕಿದವ. ದನ ಬಡಕಲಾಗಿದೆ ಅಂತ ಟಾನಿಕ್ ಕುಡಿಸಿದ. ಬಿದಿರಿನ ಗೊಟ್ಟದಲ್ಲಿ ದಿನಕ್ಕೆ ಒಂದು ಬಾಟ್ಲಿ. ದನ ಬಾಯಿ ಬಿಟ್ಟು ಹೇಳುವುದಿಲ್ಲವಲ್ಲ. ಹಿಡಿಯಿತೋ ಇಲ್ಲವೋ ಅಂತ ಕಿವಿಯನ್ನೇ ನೋಡುತ್ತ ಕೂತ. ನಾಲ್ಕನೇ ದಿನ ದನ ಕಿವಿ ಪಟಪಟ ಬಡಿಯಲಿಕ್ಕೆ ಶುರು ಮಾಡಿತು. ಇವನು ಊರಿಗೆಲ್ಲ ಹೇಳಿಕೊಂಡು ಬಂದ.

ಆ ದಾರಿಯಲ್ಲಿ ದನದ ಡಾಕ್ಟರು ಹೋಗುತ್ತಿದ್ದರು. ದನವನ್ನು ನೋಡಿ ನಿಂತರು. ಚಿಮಟ ತೆಗೆದು ಅದರ ಕಿವಿಯಿಂದ ಹೆಬ್ಬೆರಳಿನಷ್ಟು ದಪ್ಪದ ಒಂದು ಉಣ್ಣಿ ಎಳೆದು ಹಾಕಿದರು. ದನ ತಣ್ಣಗಾಯಿತು.

ಇವನು ತಲೆಗೆ ಕೈ ಕೊಟ್ಟು ಕೂತ. "ನಾಲ್ಕು ಬಾಟ್ಲಿ ಹಾಕಿ ಹಿಡಿಸಿದ್ದೆ ಸ್ವಾಮೀ. ಒಂದು ಚಿಮಟದಲ್ಲಿ ಬಿಡಿಸಿಬಿಟ್ಟಿರಲ್ಲ!"

೬. ಸುಳ್ಯದ ಅತ್ತೆ

ಸುಳ್ಯದಿಂದ ಒಬ್ಬಳು ಸೊಸೆ ತಿಂಗಳಿಗೊಮ್ಮೆ ಬರುತ್ತಿದ್ದಳು. ಅತ್ತೆಗೆ ಟಾನಿಕ್ ಬೇಕು. ಎಷ್ಟು ದೂರದಿಂದ ಬರುತ್ತಾಳೆ, ಎಂಥ ಸೊಸೆ ಅಂತ ನಾನು ಮೆಚ್ಚಿಕೊಂಡಿದ್ದೆ.

"ಅತ್ತೆಗೆ ಹೇಗುಂಟು?"

"ಕಿವಿ ಗುಂಯ್ ಅಂತದಂತೆ. ನಾವು ಹೇಳಿದ್ದು ಒಂದೂ ಕೇಳುದಿಲ್ಲ. ತುಂಬ ಗುಣ ಉಂಟು."

"ಅವರಿಗಾ?"

"ಮನೆಯವರಿಗೆಲ್ಲ."

ಡಾಕ್ಟರಿಗೆ ಹೆದರಿಕೆ ಆಯಿತು. ಕಿವಿ ಕೇಳದ ಹಾಗೆ ಆದರೆ ಕೂಡಲೇ ಬಿಡಿಸಬೇಕು. ಮುಂದಿನ ಸಲ ಅತ್ತೆಯನ್ನೇ ಕಳುಹಿಸು ಅಂದರು. ಅತ್ತೆ ಬಂದರು. ಗಟ್ಟಿ ಮುದುಕಿ. ಡಾಕ್ಟರು ಅವರ ಕಿವಿಯ ಹತ್ತಿರ ಬಾಯಿ ಇಟ್ಟು ಕೂಗಿದರು.

"ಅಮ್ಮಾ! ಗುಂಯ್ ಅಂತದಾ?"

"ಯಾಕೆ ಬೊಬ್ಬೆ ಹೊಡೀತೀರಿ? ನನ್ನ ಕಿವಿಗೆ ಎಂತ ಆಗಿದೆ?"

"ಮತ್ತೆ ಟಾನಿಕ್?"

"ಅದನ್ನು ಯಾರು ಕುಡೀತಾರೆ? ಒಂದು ಹನಿ ಕುಡಿಯಲಿಲ್ಲ. ದಿನಾ ಬಾಳೆಯ ಬುಡಕ್ಕೆ ಹೊಯ್ತೇನೆ. ಗುಂಯ್ ಅಂತದೆ ಅಂತ ಸುಮ್ಮನೆ ಹೇಳಿದ್ದು. ಮೂರು ತಿಂಗಳಿಂದ ಆ ಮನೆಯಲ್ಲಿ ಯಾರು ನನ್ನನ್ನು ಎಂತ ಹೇಳ್ತಾರೆ, ಎಲ್ಲ ಕೇಳಿದೆ." ಸೆರಗು ಸರಿ ಮಾಡಿ ಎದ್ದರು. "ಇನ್ನೊಂದು ಬಾಟ್ಲಿ ಕೊಡಿ. ಮಗ ಹೇಳುದು ಇನ್ನೂ ಬಾಕಿ ಉಂಟು."

ಇದನ್ನು ನನ್ನ ಹೆಂಡತಿಗೆ ಹೇಳಿದೆ. ಅವಳು ನಕ್ಕಳು. ನಿಂತಲ್ಲಿ ನಿಲ್ಲಲಿಕ್ಕೆ ಆಗದೆ ಗೋಡೆ ಹಿಡಿದು ಕೂತಳು. "ಕುಡಿಯಲೇ ಇಲ್ವಂತಾ? ಗುಂಯ್ ಅಂತ ಸುಮ್ಮನೆ ಹೇಳಿದ್ದಂತಾ?" ಅಂತ ಎರಡೆರಡು ಸಲ ಕೇಳಿದಳು. ಕಣ್ಣಲ್ಲಿ ನೀರು ಬಂತು. ಅಷ್ಟು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅವಳ ಹಲ್ಲು ಬೆಳ್ಳಗೆ, ಚಂದ ಇತ್ತು.

ನಾನು ಕಥೆ ಹೇಳುವುದರಲ್ಲಿ ಹುಷಾರಿ ಅಂತ ತಿಳಿದುಕೊಂಡೆ.

೭. ನನ್ನ ದೂರು

ಟಾನಿಕ್ ಮೂರು ವರ್ಷ ನಡೆಯಿತು. ಗುಂಯ್ ಉಂಟಾ ಅಂತ ನಾನು ಕೇಳುವುದು, ಉಂಟು ಅಂತ ಅವಳು ಹೇಳುವುದು. ಆದರೂ ಅವಳು ಬಿಳಿಚುತ್ತಲೇ ಹೋದಳು. ನಾನು ಇನ್ನೂ ಅರ್ಧ ಚಮಚ ಏರಿಸಿದೆ. ಯಾಕೋ ನನ್ನ ಕಿವಿಯದ್ದೇ ಜೋರಾಯಿತು.

ಹೋದ ವರ್ಷ ಮಳೆ ಹಿಡಿದ ಸಮಯ ಅವಳಿಗೆ ಜ್ವರ ಬಂತು. ಡಾಕ್ಟರು ಮನೆಗೇ ಬಂದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ನನ್ನನ್ನು ಹೊರಗೆ ಕರೆದರು.

"ಮೂರು ವರ್ಷ ಟಾನಿಕ್ ಕುಡಿದ ಮೈಯಾ ಇದು? ರಕ್ತವೇ ಇಲ್ಲವಲ್ಲ ಮಾರಾಯ."

"ಹಿಡಿದಿತ್ತು ಡಾಕ್ಟ್ರೇ. ನಾನೇ ಕಿವಿ ಇಟ್ಟು ಕೇಳಿದ್ದೇನೆ."

ಅವರು ನನ್ನ ಮುಖ ನೋಡಿದರು.

ನಾಲ್ಕನೇ ದಿನ ಬೆಳಿಗ್ಗೆ ಅವಳ ಹತ್ತಿರ ಕೂತು ಕೇಳಿದೆ. "ಗುಂಯ್ ಉಂಟಾ?" ಅವಳು, "ಉಂಟು," ಅಂದಳು. "ನಿಮಗೆ?" "ಉಂಟು," ಅಂದೆ. "ಹಾಗಾದರೆ ಸಾಕು," ಅಂದಳು. ಮಧ್ಯಾಹ್ನ ಹೋದಳು.

ಆ ದಿನಗಳಲ್ಲಿ ಊಟ ಕಾಫಿ ಎಲ್ಲ ಆಚೆ ಈಚೆ ಮನೆಯವರು ಕೊಟ್ಟರು. ಹದಿಮೂರನೇ ದಿನದ ಕೆಲಸ ಕಳೆಯಿತು. ಬಂದವರು ಹೋದರು. ಮನೆ ಒಮ್ಮೆಲೇ ತಣ್ಣಗಾಯಿತು. ಏನೋ ಕಮ್ಮಿ ಆದ ಹಾಗೆ. ಅವಳಿಲ್ಲ, ಅದು ಹೌದು. ಆದರೆ ಬೇರೆಯೂ ಏನೋ. ಸ್ವಲ್ಪ ಹೊತ್ತು ಬೇಕಾಯಿತು ತಿಳಿಯಲಿಕ್ಕೆ. ಕಿವಿಯ ಗುಂಯ್ ನಿಂತಿತ್ತು.

ಹೆದರಿಕೆ ಆಯಿತು. ಡಾಕ್ಟರ ಹತ್ತಿರ ಹೋದೆ.

"ಡಾಕ್ಟ್ರೇ, ನನ್ನ ಕಿವಿ ಹೋಯಿತು."

"ಎಂತ? ಕೇಳುದಿಲ್ವಾ?"

"ಕೇಳ್ತದೆ. ಮೂರು ವರ್ಷದಿಂದ ಗುಂಯ್ ಅಂತಿತ್ತು. ಈಗ ನಿಂತಿದೆ."

ಡಾಕ್ಟರು ಕನ್ನಡಕ ತೆಗೆದರು. "ನಾನು ಇಷ್ಟು ವರ್ಷ ಇಲ್ಲಿ ಕೂತಿದ್ದೇನೆ. ಶಬ್ದ ನಿಂತಿತು ಅಂತ ದೂರು ತಂದವ ನೀನೇ ಮೊದಲು." ನಗಲಿಕ್ಕೆ ಹೊರಟವರು ನಿಲ್ಲಿಸಿದರು. "ಮೂರು ವರ್ಷವಾ? ನೀನು ಟಾನಿಕ್ ಕುಡೀತಿದ್ದೆಯಾ?"

"ಇಲ್ಲ. ಒಂದು ಹನಿಯೂ ಇಲ್ಲ. ವಾಸನೆಗೆ ಬಂದದ್ದು."

"ವಾಸನೆಗೆ ಯಾರಿಗಾದರೂ ಬರ್ತದಾ? ಎಲ್ಲಿ, ಹಲ್ಲು ತೋರಿಸು."

ತೋರಿಸಿದೆ. ನಾನು ಎಲೆ ಅಡಿಕೆ ಹಾಕುವವ. ಅದರ ಕೆಂಪು ಅಂತ ತಿಳಿದಿದ್ದೆ. ಡಾಕ್ಟರು ಗೋಡೆಯ ಕನ್ನಡಿ ತೆಗೆದು ಕೈಯಲ್ಲಿ ಕೊಟ್ಟರು. ಕೆಂಪಲ್ಲ. ಕಪ್ಪು. ಬುಡದ ತನಕ ಕಪ್ಪು.

"ಮನೆಯಲ್ಲಿ ಕಾಫಿ ಮಾಡ್ತಿದ್ದದ್ದು ಯಾರು?" ಅಂತ ಕೇಳಿದರು.

"ಅವಳು."

"ಅವಳ ಹಲ್ಲು ಹೇಗಿತ್ತು?"

ಬಿಳಿ ಅಂತ ಹೇಳಲಿಕ್ಕೆ ಬಾಯಿ ತೆರೆದೆ. ಕನ್ನಡಿಯನ್ನು ಮೇಜಿನ ಮೇಲೆ ಕವುಚಿ ಇಟ್ಟೆ. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹಲ್ಲು ಕಪ್ಪಾಗ್ತದೆ ಅಂತ ನಾನೂ ಡಾಕ್ಟರ ಹಿಂದೆ ನಿಂತು ಹೇಳಿದವ. ಮನೆಯ ಹಲ್ಲು ನೋಡಲಿಲ್ಲ.

ಬೇಲಿಯ ಹತ್ತಿರ ಹೋಗಿ ಉಮ್ಮನನ್ನು ಕರೆದೆ. ಉಮ್ಮನಿಗೆ ಎಲ್ಲ ಗೊತ್ತಿತ್ತು.

"ನಾನು ಬೈದಿದ್ದೇನೆ ಮಾರಾಯ್ರೆ. ಮದ್ದು ನಿನಗೆ ಕೊಟ್ಟದ್ದು ಅಂತ. ಅವಳು ಕೇಳಬೇಕಲ್ಲ. 'ದುಡಿಯುವ ಮೈ ಅವರದ್ದು ಉಮ್ಮ, ನಾನು ಮನೆಯಲ್ಲೇ ಇರುದಲ್ವಾ' ಅಂತಿದ್ದಳು. ಬೆಳಿಗ್ಗೆ ಕಾಫಿಗೆ ಹಾಕುದು. ಸಂಜೆಗೆ ಹಾಗಲಕಾಯಿ."

ಹಾಗಲಕಾಯಿ! ವಾರಕ್ಕೆ ನಾಲ್ಕು ದಿನ ಹಾಗಲಕಾಯಿ. ನಮ್ಮ ಹಿತ್ತಿಲಲ್ಲಿ ಬೇರೇನೂ ಆಗುವುದಿಲ್ಲ ಅಂತ ತಿಳಿದಿದ್ದೆ.

"ಮತ್ತೆ ಅವಳ ಕಿವಿ ಗುಂಯ್ ಅಂದದ್ದು?"

"ನೀವು ದಿನಾ ಕೇಳ್ತಿದ್ದಿರಲ್ಲ. ಇಲ್ಲ ಅಂದರೆ ನಿಮ್ಮ ಮುಖ ಸಣ್ಣ ಆಗ್ತಿತ್ತಂತೆ." ಉಮ್ಮ ತಲೆಯ ಬಟ್ಟೆಯಲ್ಲಿ ಕಣ್ಣು ಒರೆಸಿದರು. "ನಿಮ್ಮ ಕಿವಿ ಗುಂಯ್ ಅಂದ ದಿನ ಬಾವಿಕಟ್ಟೆಯಿಂದ ಇಲ್ಲಿಗೆ ಓಡಿ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. 'ಉಮ್ಮ, ಅವರಿಗೆ ಹಿಡಿಯಿತು' ಅಂದಳು."

ಜಗಲಿಯಲ್ಲಿ ಅವಳ ಕಿವಿಗೆ ಕಿವಿ ಇಟ್ಟು ನಾನು ಕೇಳಿದ್ದು ನನ್ನದೇ.

ಡಾಕ್ಟರ ಹತ್ತಿರ ಒಂದೇ ಒಂದು ಕೇಳಿದೆ. "ಅವಳೇ ಕುಡಿದಿದ್ದರೆ ಉಳೀತಿದ್ದಳಾ?" ಅವರು ತುಂಬ ಹೊತ್ತು ಪಟ್ಟಿಯ ಕಾಗದವನ್ನೇ ನೋಡಿದರು. "ಗೊತ್ತಿಲ್ಲ," ಅಂದರು. ಅವರು ಸುಳ್ಳು ಹೇಳುವವರಲ್ಲ.

ಅಡುಗೆ ಕೋಣೆಯಲ್ಲಿ ಬೆಲ್ಲದ ಡಬ್ಬಿಯ ಹಿಂದೆ ಅರ್ಧ ಬಾಟ್ಲಿ ಉಳಿದಿತ್ತು. ಕಾಫಿ ಮಾಡಿ ಒಂದು ಚಮಚ ಹಾಕಿದೆ. ಕಪ್ಪಾಯಿತು. ಕುಡಿದೆ. ಎರಡು ಚಮಚ ಹಾಕಿ ನೋಡಿದೆ. ಬಾಯಿಗೆ ಇಡಲಿಕ್ಕೆ ಆಗಲಿಲ್ಲ. ಮೂರು ವರ್ಷ ಇದಕ್ಕಿಂತ ಜಾಸ್ತಿ ಕುಡಿದಿದ್ದೇನೆ. ಅವಳ ಅಳತೆ ನನಗೆ ಗೊತ್ತುಂಟು, ಪಟ್ಟಿ ಕತ್ತರಿಸಿದವ ನಾನೇ. ಅದನ್ನು ಹೇಗೆ ಕುಡಿಸುತ್ತಿದ್ದಳು ಅಂತ ಗೊತ್ತಿಲ್ಲ. ಒಂದೊಂದು ಚಮಚದಂತೆ ದಿನಾ ಕುಡಿದೆ. ಕುಡಿದು ಜಗಲಿಯಲ್ಲಿ ಕೂತು ಕಾದೆ. ಏನೂ ಇಲ್ಲ.

ಖಾಲಿ ಬಾಟ್ಲಿ ಹಿಡಿದು ಅಂಗಡಿಗೆ ಹೋದೆ. ಮೇಜಿನ ಮೇಲೆ ಇಟ್ಟೆ.

"ಡಾಕ್ಟ್ರೇ, ಹದಿನೈದು ದಿನ ಕುಡಿದೆ. ಕಿವಿಯಲ್ಲಿ ಒಂದು ನೊಣದಷ್ಟೂ ಶಬ್ದ ಇಲ್ಲ."

ಹೇಳಿದ ಮೇಲೆ ನೆನಪಾಯಿತು. ಇದು ಪೆರಾಬೆಯವರ ಮಾತು. ಡಾಕ್ಟರಿಗೂ ನೆನಪಾಯಿತು. ಅವರಿಗೆ ನಗು ಬಂತು. ನನಗೂ ಬಂತು. ಇಬ್ಬರೂ ನಕ್ಕೆವು. ಆಮೇಲೆ ಅವರು ನನ್ನನ್ನು ನೋಡಲಿಲ್ಲ. ಕನ್ನಡಕ ಒರೆಸಿದರು. ಪುನಃ ಒರೆಸಿದರು. ಕೊನೆಗೆ ಎಲ್ಲರಿಗೂ ಹೇಳುವುದನ್ನೇ ಹೇಳಿದರು.

"ಕುಡಿದ ಮೇಲೆ ಬಾಯಿ ಮುಕ್ಕಳಿಸಬೇಕು, ಮಾರಾಯ. ಹಲ್ಲು ಕಪ್ಪಾಗ್ತದೆ."